ಶಿಲೆಯೊಳಗಿನ ಸುರುಳಿ: ವಿರಳ ಅಮೋನೈಟ್ ಪಳೆಯುಳಿಕೆಗಳ ಸಂಗ್ರಹಣೆ

ಕನ್ನಡ ನಾಡಿನ ಒಳಗೂ ಹೊರಗೂ ಇರುವ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿ ನುಣುಪಾದ ಕಪ್ಪು ಶಿಲೆಯೊಂದು ಇರುತ್ತದೆ. ಅದೇ ಸಾಲಿಗ್ರಾಮ. ಉಡುಪಿ ಜಿಲ್ಲೆಯಲ್ಲೊಂದು, ಮೈಸೂರು ಜಿಲ್ಲೆಯಲ್ಲೊಂದು ಊರು ಈ ಹೆಸರನ್ನೇ ಹೊತ್ತಿವೆ. ಶಿಲೆಯ ಒಡಲಿನಲ್ಲಿ ಕಾಣುವ ಸುರುಳಿಯನ್ನು ವಿಷ್ಣುವಿನ ಚಕ್ರವೆಂದು ಭಾವಿಸಿ ಪೂಜಿಸುವುದು ಸಂಪ್ರದಾಯ. ಈ ಚಕ್ರವನ್ನು ಕೊರೆದದ್ದು ವಜ್ರಕೀಟವೆಂಬ ಜೀವಿ ಎಂಬ ನಂಬಿಕೆಯೂ ಇದೆ. ನೇಪಾಳದ ಮುಕ್ತಿನಾಥದ ಸುತ್ತಿನ ಕರಿಯ ಜೇಡುಶಿಲೆಯಿಂದ ಬಿಡಿಸಿಕೊಂಡು, ಕಾಳೀ ಗಂಡಕಿ ನದಿಯಲ್ಲಿ ಉರುಳಿ ನುಣುಪಾದ ಈ ಕಲ್ಲುಗಳಲ್ಲಿ ಚಕ್ರವುಳ್ಳವು ಬಹುಮಟ್ಟಿಗೆ ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳು ಎಂಬುದು ಭೂವಿಜ್ಞಾನದ ನಿರ್ಣಯ. ಸುರುಳಿಯ ಹಿಂದೆ ಒಂದು ಜೀವಿ ಇದ್ದಿತೆಂಬ ವಿಷಯದಲ್ಲಿ ನಂಬಿಕೆ ಮತ್ತು ವಿಜ್ಞಾನಗಳು ಒಂದೇ ಕಡೆ ನಿಲ್ಲುವುದು ಗಮನಾರ್ಹ. ಹಿಮಾಲಯದ ನೆತ್ತಿಯಲ್ಲಿ ಕಡಲಜೀವಿಯ ಚಿಪ್ಪು ದೊರೆಯುವುದೆಂದರೆ, ಆ ಪರ್ವತಗಳ ಶಿಲೆಗಳು ಒಂದು ಕಾಲದಲ್ಲಿ ಟೆಥಿಸ್ ಎಂಬ ಸಮುದ್ರದ ತಳವಾಗಿದ್ದವು ಎಂದರ್ಥ.

ಈ ಪಳೆಯುಳಿಕೆಗಳನ್ನು ಅರಸಿ ಸಂಗ್ರಹಿಸುವ ಹವ್ಯಾಸಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಮೋನೈಟ್ ಎಂದರೇನು, ಅದರಲ್ಲಿ ವಿರಳವೆನಿಸುವುದು ಯಾವುದು, ಸಂಗ್ರಾಹಕನು ಉಳಿಸುವುದೇನು, ಕಳೆಯುವುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಮೋನೈಟ್ ಎಂಬ ಜೀವಿ

ಅಮೋನೈಟ್‌ಗಳು ಮೃದ್ವಂಗಿಗಳ ಗುಂಪಿಗೆ ಸೇರಿದ ಶಿರಪಾದಿಗಳು. ಹೊರನೋಟಕ್ಕೆ ಇಂದಿನ ನಾಟಿಲಸ್ ಎಂಬ ಚಿಪ್ಪುಜೀವಿಯನ್ನು ಹೋಲಿದರೂ, ಆಕ್ಟೋಪಸ್ ಮತ್ತು ಸ್ಕ್ವಿಡ್‌ಗಳೇ ಇವುಗಳ ಹೆಚ್ಚು ಹತ್ತಿರದ ಬಂಧುಗಳು. ಇವುಗಳ ವಂಶವು ಸುಮಾರು ೪೦ ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಯುಗದಲ್ಲಿ ಕಾಣಿಸಿಕೊಂಡು, ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗದ ಕೊನೆಯಲ್ಲಿ ಅಳಿಯಿತು. ಇದುವರೆಗೆ ವರ್ಣಿತವಾದ ಪ್ರಭೇದಗಳ ಸಂಖ್ಯೆ ಹತ್ತು ಸಾವಿರವನ್ನು ಮೀರುತ್ತದೆ.

ಚಕ್ಕುಲಿಯಂತೆ ಸುತ್ತಿಕೊಂಡ ಚಿಪ್ಪಿನ ಒಳಗು ಅನೇಕ ಕೋಣೆಗಳಾಗಿ ವಿಭಾಗಗೊಂಡಿರುತ್ತದೆ. ಜೀವಿಯ ವಾಸ ಹೊರತುದಿಯ ಕೊನೆಯ ಕೋಣೆಯಲ್ಲಿ ಮಾತ್ರ. ಅದು ಬೆಳೆದಂತೆ ಮುಂದಕ್ಕೆ ಸರಿದು, ತನ್ನ ಬೆನ್ನ ಹಿಂದೆ ಹೊಸದೊಂದು ಗೋಡೆಯನ್ನು ಕಟ್ಟಿಕೊಳ್ಳುತ್ತಿತ್ತು. ತೆರವಾದ ಕೋಣೆಗಳ ಮೂಲಕ ಹಾಯುವ ಸಣ್ಣ ನಾಳವೊಂದು ಅವುಗಳಲ್ಲಿನ ದ್ರವವನ್ನು ಹೀರಿ ತೆಗೆಯುತ್ತಿತ್ತು. ಆ ಜಾಗದಲ್ಲಿ ಅನಿಲ ತುಂಬುತ್ತಿತ್ತು. ಹೀಗೆ ಚಿಪ್ಪು ಹಗುರವಾಗಿ ಜೀವಿ ನೀರಿನಲ್ಲಿ ತೇಲಲು ಸಾಧ್ಯವಾಗುತ್ತಿತ್ತು.

ಒಳಗೋಡೆಯು ಹೊರಚಿಪ್ಪನ್ನು ಕೂಡುವ ಗೆರೆಗೆ ಹೊಲಿಗೆರೇಖೆ ಎಂದು ಹೆಸರು. ಹಳೆಯ ಪ್ರಕಾರಗಳಲ್ಲಿ ಇದು ಸರಳವಾದ ಅಂಕುಡೊಂಕು ಗೆರೆ. ಜುರಾಸಿಕ್ ಮತ್ತು ಕ್ರಿಟೇಷಿಯಸ್ ಯುಗಗಳ ಪ್ರಕಾರಗಳಲ್ಲಿ ಜರೀಗಿಡದ ಎಲೆಯಂಚಿನಂತೆ ಸೀಳುಸೀಳಾದ ಜಟಿಲ ವಿನ್ಯಾಸ. ಹೊರಚಿಪ್ಪು ಕಳಚಿ, ಒಳಗೆ ತುಂಬಿದ ಕೆಸರು ಕಲ್ಲಾದ ಅಚ್ಚು ಮಾತ್ರ ಉಳಿದಾಗ ಈ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಲಿಪಿಶಾಸ್ತ್ರದ ವಿದ್ಯಾರ್ಥಿಯು ಅಕ್ಷರದ ತಲೆಕಟ್ಟನ್ನೂ ಬಾಗನ್ನೂ ನೋಡಿ ಶಾಸನದ ಕಾಲವನ್ನು ಊಹಿಸುವಂತೆ, ತಜ್ಞರು ಹೊಲಿಗೆರೇಖೆ, ಪಕ್ಕೆಲುಬಿನಂಥ ಏಣುಗಳು ಮತ್ತು ಸುರುಳಿಯ ಬಿಗುವನ್ನು ನೋಡಿ ಪ್ರಭೇದವನ್ನು ಗುರುತಿಸುತ್ತಾರೆ.

ಹೆಸರಿನ ಹಿನ್ನೆಲೆ, ಕಾಲದ ಗಣನೆ

ಈ ಜೀವಿಗೆ ಹೆಸರು ಬಂದುದು ದೇವತೆಯೊಬ್ಬನಿಂದ. ಈಜಿಪ್ಟಿನ ಅಮ್ಮೋನ್ ದೇವನನ್ನು ಟಗರಿನ ಕೊಂಬಿನೊಡನೆ ಚಿತ್ರಿಸುತ್ತಿದ್ದರು. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಇಂಥ ಸುರುಳಿಗಲ್ಲನ್ನು ಅಮ್ಮೋನನ ಕೊಂಬು ಎಂದು ಕರೆದನು. ಇಂಗ್ಲೆಂಡಿನ ವಿಟ್ಬಿ ಪಟ್ಟಣದ ಜನರ ಪಾಲಿಗೆ ಇವು ಹಾವುಗಲ್ಲುಗಳು. ಹಿಲ್ಡಾ ಎಂಬ ಸಂತಳು ಹಾವುಗಳನ್ನೆಲ್ಲ ಕಲ್ಲಾಗಿಸಿದಳೆಂಬ ಐತಿಹ್ಯ ಅಲ್ಲಿದೆ. ಕಲ್ಲಾದ ಹಾವಿಗೆ ತಲೆಯಿಲ್ಲದ ಕೊರತೆಯನ್ನು ಅಲ್ಲಿನ ಕುಶಲಕರ್ಮಿಗಳು ತಾವೇ ತಲೆ ಕೆತ್ತಿ ತುಂಬಿಕೊಟ್ಟು ಮಾರುತ್ತಿದ್ದರು. ಉತ್ತರ ಅಮೆರಿಕದ ಬ್ಲ್ಯಾಕ್‌ಫುಟ್ ಜನರಿಗೆ ಇದು ಕಾಡೆಮ್ಮೆಯನ್ನು ಕರೆತರುವ ಶಕ್ತಿಯುಳ್ಳ ಕಲ್ಲು. ಒಂದೇ ಆಕೃತಿಯು ಒಂದೆಡೆ ಚಕ್ರ, ಒಂದೆಡೆ ಕೊಂಬು, ಮತ್ತೊಂದೆಡೆ ಹಾವು ಆಗುವುದು ಜಾನಪದದ ವಿದ್ಯಾರ್ಥಿಗಳಿಗೆ ಸ್ವತಂತ್ರ ಅಧ್ಯಯನದ ವಸ್ತುವಾಗಬಲ್ಲದು.

ವಿಜ್ಞಾನಕ್ಕೆ ಅಮೋನೈಟ್ ಮುಖ್ಯವಾದುದು ಮತ್ತೊಂದು ಕಾರಣದಿಂದ. ಇವು ಬೇಗ ಬೇಗ ರೂಪ ಬದಲಿಸಿದವು, ವಿಶಾಲ ಸಮುದ್ರಗಳಲ್ಲಿ ಹರಡಿದವು, ಹೇರಳವಾಗಿ ಉಳಿದವು. ಆದುದರಿಂದ ಒಂದು ಪ್ರಭೇದವು ದೊರೆತ ಪದರವನ್ನು ದೂರದ ಮತ್ತೊಂದು ದೇಶದ ಅದೇ ಕಾಲದ ಪದರದೊಡನೆ ಹೊಂದಿಸಿ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಆಲ್ಬರ್ಟ್ ಒಪ್ಪೆಲ್ ಎಂಬ ವಿದ್ವಾಂಸನು ಜುರಾಸಿಕ್ ಪದರಗಳನ್ನು ಇವುಗಳ ನೆರವಿನಿಂದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ ತೋರಿಸಿದನು. ಹತ್ತು ಲಕ್ಷ ವರ್ಷಗಳಿಗಿಂತ ಕಡಿಮೆ ಅವಧಿಯನ್ನು ಪ್ರತ್ಯೇಕಿಸಿ ಹೇಳಬಲ್ಲ ವಲಯಗಳೂ ಇವೆ. ಹೀಗೆ ಅಮೋನೈಟ್ ಭೂಮಿಯ ಪಂಚಾಂಗವಾಯಿತು. ಆದರೆ ಪಂಚಾಂಗದ ಹಾಳೆ ಯಾವ ಪುಟದಿಂದ ಹರಿದದ್ದೆಂದು ತಿಳಿಯದಿದ್ದರೆ ಅದರಿಂದ ದಿನ ನೋಡಲಾಗದು. ಸಂಗ್ರಹಣೆಯ ಪ್ರಶ್ನೆಯೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ವಿರಳತೆ ಎಂದರೇನು?

ಎಲ್ಲ ಅಮೋನೈಟ್‌ಗಳೂ ವಿರಳವಲ್ಲ. ವಿಟ್ಬಿಯ ತೀರದಲ್ಲಿ ಡ್ಯಾಕ್ಟಿಲಿಯೊಸೆರಸ್ ಎಂಬ ಕುಲದ ಚಿಪ್ಪುಗಳು ಹೇರಳ. ಮಡಗಾಸ್ಕರಿನಿಂದ ಬಂದ, ನಡುವೆ ಸೀಳಿ ಮೆರುಗು ಕೊಟ್ಟ ಜೋಡಿಗಳು ಜಗತ್ತಿನ ಅನೇಕ ನಗರಗಳ ಅಂಗಡಿಗಳಲ್ಲಿ ದೊರೆಯುತ್ತವೆ. ವಿರಳತೆಗೆ ಕನಿಷ್ಠ ನಾಲ್ಕು ಕಾರಣಗಳುಂಟು.

ಮೊದಲನೆಯದು, ಜೀವಿಯೇ ವಿರಳವಾಗಿದ್ದುದು. ಎರಡನೆಯದು, ರೂಪದ ವೈಚಿತ್ರ್ಯ. ಕ್ರಿಟೇಷಿಯಸ್ ಯುಗದಲ್ಲಿ ಕೆಲವು ವಂಶಗಳು ಸುರುಳಿಯ ಕಟ್ಟನ್ನು ಸಡಿಲಿಸಿದವು: ಬ್ಯಾಕುಲೈಟಿಸ್ ಕೋಲಿನಂತೆ ನೇರವಾಯಿತು, ಟರಿಲೈಟಿಸ್ ಗೋಪುರದಂತೆ ಮೇಲೇರಿತು. ಜಪಾನಿನ ಯಾಬೆ ಹಿಸಾಕಾತ್ಸು ೧೯೦೪ರಲ್ಲಿ ವರ್ಣಿಸಿದ ನಿಪ್ಪೊನೈಟಿಸ್ ದಾರದ ಗಂಟಿನಂತೆ ಸುತ್ತಿಕೊಂಡಿತ್ತು. ಒಂದೇ ಮಾದರಿ ಇದ್ದಾಗ ಅದನ್ನು ವಿಕೃತವಾಗಿ ಬೆಳೆದ ಚಿಪ್ಪೆಂದು ಶಂಕಿಸಲು ಅವಕಾಶವಿತ್ತು. ಅದೇ ಬಗೆಯ ಬೇರೆ ಮಾದರಿಗಳು ದೊರೆತ ಮೇಲೆ ಅದು ನಿಯಮಬದ್ಧವಾದ ರೂಪವೆಂಬುದು ಸಿದ್ಧವಾಯಿತು. ಏಕೈಕ ಹಸ್ತಪ್ರತಿಯ ಪಾಠವನ್ನು ನಂಬಲು ಹಿಂಜರಿಯುವ ಗ್ರಂಥಸಂಪಾದಕನಿಗೆ ಎರಡನೆಯ ಪ್ರತಿ ದೊರೆತಾಗ ಆಗುವ ಸಮಾಧಾನವೇ ಇದು. ಮೂರನೆಯದು, ಗಾತ್ರ. ೧೮೯೫ರಲ್ಲಿ ಜರ್ಮನಿಯ ಸೆಪ್ಪೆನ್‌ರಾಡೆ ಎಂಬಲ್ಲಿ ದೊರೆತ ಪ್ಯಾರಪುಜೋಸಿಯಾದ ವ್ಯಾಸ ಸುಮಾರು ೧.೭ ಮೀಟರ್, ಎಂದರೆ ಆಳೆತ್ತರ. ನಾಲ್ಕನೆಯದು, ಉಳಿದ ಬಗೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕೆಲವು ಚಿಪ್ಪುಗಳ ಮೂಲ ಪದರವು ಹಾಗೆಯೇ ಉಳಿದು, ಕಾಮನಬಿಲ್ಲಿನ ಬಣ್ಣಗಳಲ್ಲಿ ಹೊಳೆಯುತ್ತದೆ. ಅಮೊಲೈಟ್ ಎಂಬ ಹೆಸರಿನಲ್ಲಿ ಅದು ಆಭರಣದ ರತ್ನವೂ ಆಗಿದೆ.

ಈ ನಾಲ್ಕರಲ್ಲಿ ಕೊನೆಯ ಎರಡು ಮಾರುಕಟ್ಟೆಯ ಕಣ್ಣಿಗೆ ಬೇಗ ಬೀಳುತ್ತವೆ. ಅಂಗೈಯಗಲದ, ಅರ್ಧ ಮುರಿದ, ಮಂಕು ಬಣ್ಣದ ತುಣುಕೊಂದು ವಿಜ್ಞಾನಕ್ಕೆ ಹೊಸ ಪ್ರಭೇದವಾಗಿರಬಹುದು. ಅಂಗಡಿಯಲ್ಲಿ ಅದಕ್ಕೆ ಬೆಲೆಯಿಲ್ಲ.

ಅರಿಯಲೂರಿನ ಕಡಲು

ಅಮೋನೈಟ್‌ಗಳಿಗೆ ಭಾರತದಲ್ಲಿ ಮೂರು ಪ್ರದೇಶಗಳು ಪ್ರಸಿದ್ಧ: ಹಿಮಾಲಯದ ಸ್ಪಿತಿ, ಗುಜರಾತಿನ ಕಚ್ಛ್, ತಮಿಳುನಾಡಿನ ಅರಿಯಲೂರು ಮತ್ತು ಪೆರಂಬಲೂರು. ಕಚ್ಛ್‌ನ ಜುರಾಸಿಕ್ ಅಮೋನೈಟ್‌ಗಳನ್ನು ವಿಲ್ಹೆಲ್ಮ್ ವಾಗೆನ್ ೧೮೭೦ರ ದಶಕದಲ್ಲಿ ವರ್ಣಿಸಿದನು, ಎಲ್. ಎಫ್. ಸ್ಪಾತ್ ೧೯೨೭ರಿಂದ ೧೯೩೩ರ ನಡುವೆ ಅದೇ ಸಾಮಗ್ರಿಯನ್ನು ಪರಿಷ್ಕರಿಸಿದನು. ದಕ್ಷಿಣದ ಗಡಿಭಾಗದ ನಮಗೆ ಸಮೀಪವಾದುದು ಮೂರನೆಯದು.

ಗೋಂಡ್ವಾನ ಭೂಖಂಡವು ಒಡೆದು ಭಾರತದ ಪೂರ್ವತೀರ ರೂಪುಗೊಂಡಾಗ, ಕಾವೇರಿ ಕೊಳ್ಳದ ತಗ್ಗಿಗೆ ಕಡಲು ನುಗ್ಗಿತು. ಸುಮಾರು ೧೧ ಕೋಟಿ ವರ್ಷಗಳ ಹಿಂದಿನಿಂದ ಕ್ರಿಟೇಷಿಯಸ್ ಯುಗದ ಅಂತ್ಯದವರೆಗಿನ ಪದರಗಳು ಇಲ್ಲಿ ಒಂದರ ಮೇಲೊಂದು ಉಳಿದಿವೆ. ಮದರಾಸಿನ ಸಿವಿಲ್ ಅಧಿಕಾರಿಗಳಾದ ಕೇ ಮತ್ತು ಕನ್ಲಿಫ್ ಸಂಗ್ರಹಿಸಿ ಕಳುಹಿಸಿದ ಪಳೆಯುಳಿಕೆಗಳನ್ನು ಲಂಡನ್ನಿನಲ್ಲಿ ಎಡ್ವರ್ಡ್ ಫೋರ್ಬ್ಸ್ ೧೮೪೬ರಲ್ಲಿ ವರ್ಣಿಸಿದನು. ೧೮೬೨ರಲ್ಲಿ ಎಚ್. ಎಫ್. ಬ್ಲ್ಯಾನ್‌ಫರ್ಡ್ ಈ ಪದರಗಳನ್ನು ಉತ್ತತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಊರುಗಳ ಹೆಸರಿನಲ್ಲಿಯೇ ವಿಂಗಡಿಸಿದನು.

ಅದೇ ವರ್ಷ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದವನು ಮೊರಾವಿಯದಲ್ಲಿ ಹುಟ್ಟಿದ ಫರ್ಡಿನಾಂಡ್ ಸ್ಟೊಲಿಚ್ಕ. ದಕ್ಷಿಣ ಭಾರತದ ಕ್ರಿಟೇಷಿಯಸ್ ಜೀವಿಗಳನ್ನು ಕುರಿತ ಬೃಹತ್ ಸಂಪುಟಗಳು ಅವನ ಸಾಧನೆ. ೧೮೭೪ರಲ್ಲಿ ಯಾರ್ಕಂದ್ ಯಾತ್ರೆಯಿಂದ ಮರಳುವಾಗ, ಲಡಾಖಿನ ಎತ್ತರದ ದಾರಿಯಲ್ಲಿ ೩೬ರ ಹರೆಯದಲ್ಲಿ ಅವನು ತೀರಿಕೊಂಡನು. ಲೇಹ್‌ನಲ್ಲಿ ಅವನ ಸ್ಮಾರಕವಿದೆ. ಮುಂದೆ ವಿಯೆನ್ನಾದ ಫ್ರಾನ್ಜ್ ಕೋಸ್ಮಾಟ್ ೧೮೯೫ರಿಂದ ಈ ಸಾಮಗ್ರಿಯನ್ನು ಮರುಪರಿಶೀಲಿಸಿದನು. ಸ್ಟೊಲಿಚ್ಕಾಯ, ಕೋಸ್ಮಾಟಿಸೆರಸ್ ಎಂಬ ಕುಲನಾಮಗಳಲ್ಲಿ ಈ ವಿದ್ವಾಂಸರ ಹೆಸರುಗಳು ಉಳಿದಿವೆ. ಹೊಲದಲ್ಲಿ ಕಲ್ಲನ್ನು ಮೊದಲು ಕಂಡು ತೋರಿಸಿದ ರೈತರ, ಹೊತ್ತು ತಂದ ಕೂಲಿಗಳ ಹೆಸರುಗಳು ಅಲ್ಲಿ ಇಲ್ಲ. ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಅಮೋನೈಟ್‌ಗಳನ್ನು ಹೆಕ್ಕಿ ಮಾರಿ ಬದುಕಿದ ಮೇರಿ ಆ್ಯನಿಂಗ್ (೧೭೯೯–೧೮೪೭) ಮಹತ್ತ್ವದ ಪಳೆಯುಳಿಕೆಗಳನ್ನು ಬೆಳಕಿಗೆ ತಂದರೂ, ಸ್ತ್ರೀ ಎಂಬ ಕಾರಣಕ್ಕೆ ಲಂಡನ್ನಿನ ಭೂವೈಜ್ಞಾನಿಕ ಸಂಘದ ಸದಸ್ಯತ್ವಕ್ಕೆ ಅರ್ಹಳಾಗಿರಲಿಲ್ಲ. ಸಂಗ್ರಹಿಸಿದವರ ಹೆಸರನ್ನು ದಾಖಲಿಸಬೇಕೆಂಬ ಇಂದಿನ ನಿಯಮದ ಹಿಂದೆ ಇಂಥ ಮರೆವುಗಳ ಪಾಠವಿದೆ.

ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಿಗೆ ಶ್ರೇಷ್ಠ ಕಚ್ಚಾವಸ್ತು. ಆದ್ದರಿಂದ ಅಲ್ಲಿ ದೊಡ್ಡ ಗಣಿಗಳೂ ಕಾರ್ಖಾನೆಗಳೂ ಬೆಳೆದಿವೆ. ಇಲ್ಲಿ ಒಂದು ಇಕ್ಕಟ್ಟಿದೆ. ಗಣಿಯು ಅಗೆಯದಿದ್ದರೆ ಆಳದ ಪದರಗಳು ಬೆಳಕು ಕಾಣುತ್ತಿರಲಿಲ್ಲ. ಅಗೆದ ಮೇಲೆ ಕೆಲವೇ ದಿನಗಳಲ್ಲಿ ಅವು ಪುಡಿಯಾಗಿ ಗೂಡನ್ನು ಸೇರುತ್ತವೆ. ಆ ನಡುವಿನ ಅವಧಿಯಲ್ಲಿ ಯಾರಾದರೂ ನೋಡಿ ಎತ್ತಿಡದಿದ್ದರೆ ಆ ಚಿಪ್ಪು ಇದ್ದಿತೆಂಬ ಸುಳಿವೂ ಉಳಿಯದು. ಲೈಮ್ ರೀಜಿಸ್‌ನ ಕಡಲಬಂಡೆಗಳ ವಿಷಯದಲ್ಲಿಯೂ ಹೀಗೆಯೇ: ಅಲೆಯು ಬಂಡೆಯನ್ನು ಕೊರೆದು ಪಳೆಯುಳಿಕೆಯನ್ನು ಹೊರಗೆಡಹುತ್ತದೆ, ಮರುಅಲೆಯಲ್ಲಿ ಒಡೆದು ಹಾಕುತ್ತದೆ. ಇಂಥ ಸ್ಥಳಗಳಲ್ಲಿ ಮುಟ್ಟದೆ ಬಿಡುವುದೇ ರಕ್ಷಣೆ ಎನ್ನಲಾಗದು. ಕಾರೈ ಗ್ರಾಮದ ಸುತ್ತಿನ ಕೊರಕಲು ಜೇಡಿದಿಬ್ಬಗಳಂಥ ಸ್ಥಳಗಳ ಸಂಗತಿ ಬೇರೆ. ಅಲ್ಲಿ ಮಳೆ ನಿಧಾನವಾಗಿ ಪದರಗಳನ್ನು ತೆರೆಯುತ್ತದೆ. ಬಂದವರೆಲ್ಲ ಒಂದೊಂದನ್ನು ಜೇಬಿಗಿಳಿಸಿದರೆ ಮುಂದಿನ ಅಧ್ಯಯನಕ್ಕೆ ಉಳಿಯುವುದು ಬರಿಯ ಜೇಡಿ.

ಸಂಗ್ರಹಣೆಯ ಕ್ರಮ

ಕ್ರಮಬದ್ಧ ಸಂಗ್ರಹಣೆಯಲ್ಲಿ ಸುತ್ತಿಗೆಗಿಂತ ಮೊದಲು ಬರುವುದು ಲೇಖನಿ. ಪಳೆಯುಳಿಕೆ ಕಂಡೊಡನೆ ಅದನ್ನು ಎತ್ತದೆ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆಯಬೇಕು. ಸ್ಥಳ, ದಿನಾಂಕ, ಅಕ್ಷಾಂಶ-ರೇಖಾಂಶ, ಪದರದ ಬಣ್ಣ ಮತ್ತು ದಪ್ಪ, ಕೆಳಗಿನ ಮತ್ತು ಮೇಲಿನ ಪದರಗಳ ಸ್ವರೂಪ, ಜೊತೆಗಿದ್ದ ಬೇರೆ ಚಿಪ್ಪುಗಳು, ಕಂಡವರ ಹೆಸರು—ಇವಿಷ್ಟನ್ನು ಅಲ್ಲಿಯೇ ಬರೆಯಬೇಕು. ಕಲ್ಲು ಪದರದಲ್ಲಿಯೇ ಇತ್ತೇ, ಉರುಳಿಬಿದ್ದಿತ್ತೇ ಎಂಬುದು ಅತ್ಯಂತ ಮುಖ್ಯ; ಉರುಳಿದ ಕಲ್ಲು ಯಾವ ಪದರದ್ದೆಂದು ಖಚಿತವಾಗಿ ಹೇಳಲಾಗದು.

ಬಂಡೆಯಿಂದ ಬಿಡಿಸುವಾಗ ಪಳೆಯುಳಿಕೆಯ ಅಂಚಿಗೆ ಉಳಿಯನ್ನು ಇಡಬಾರದು. ಸುತ್ತಲೂ ಸಾಕಷ್ಟು ಕಲ್ಲನ್ನು ಬಿಟ್ಟು ತೆಗೆದು, ಉಳಿದ ಬಿಡಿಸುವಿಕೆಯನ್ನು ಪ್ರಯೋಗಾಲಯದಲ್ಲಿ ಸೂಜಿ ಮತ್ತು ಸಣ್ಣ ಕೊರೆಯುವ ಯಂತ್ರಗಳಿಂದ ಮಾಡಬೇಕು. ಮುರಿದ ತುಣುಕುಗಳನ್ನು ಅಂಟಿಸಲು ಮುಂದೆ ಕರಗಿಸಿ ತೆಗೆಯಬಹುದಾದ ಅಂಟನ್ನೇ ಬಳಸಬೇಕು. ಪ್ರತಿ ತುಣುಕಿಗೂ ಸಂಖ್ಯೆ, ಆ ಸಂಖ್ಯೆಗೆ ದಾಖಲೆಪುಸ್ತಕದಲ್ಲಿ ನಮೂದು.

ಚಿನ್ನದಂತೆ ಹೊಳೆಯುವ ಪೈರೈಟ್ ತುಂಬಿದ ಚಿಪ್ಪುಗಳಿಗೆ ವಿಶೇಷ ಎಚ್ಚರ ಬೇಕು. ಗಾಳಿಯ ತೇವಕ್ಕೆ ಪೈರೈಟ್ ಆಕ್ಸಿಡೀಕರಣಗೊಂಡು ಗಂಧಕಾಮ್ಲವನ್ನು ಉಂಟುಮಾಡುತ್ತದೆ. ಕೋಟ್ಯಂತರ ವರ್ಷ ಉಳಿದ ಚಿಪ್ಪು ಕಪಾಟಿನಲ್ಲಿ ಕೆಲವೇ ವರ್ಷಗಳಲ್ಲಿ ಬೂದಿಯಂತೆ ಉದುರುತ್ತದೆ. ತೇವವಿಲ್ಲದ ಪೆಟ್ಟಿಗೆಯಲ್ಲಿ ಇಡುವುದು ಇದಕ್ಕೆ ಮುಖ್ಯ ಪರಿಹಾರ. ನಮ್ಮ ತಾಳೆಗರಿಗಳನ್ನು ಮಳೆಗಾಲದಲ್ಲಿ ಕಾಯುವ ಕಷ್ಟವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಒಡೆತನದ ಪ್ರಶ್ನೆ

ವಿರಳ ವಸ್ತುವಿಗೆ ಬೆಲೆ ಬಂದೊಡನೆ ಮೋಸವೂ ಬರುತ್ತದೆ. ಬೇರೆ ಬೇರೆ ಚಿಪ್ಪುಗಳ ತುಣುಕುಗಳನ್ನು ಜೋಡಿಸಿ ಒಂದೆಂದು ತೋರಿಸುವುದು, ಕಲ್ಲಿನಲ್ಲಿ ಹೊಸದಾಗಿ ಕೆತ್ತುವುದು, ರಾಳದಲ್ಲಿ ಎರಕ ಹೊಯ್ಯುವುದು—ಇವೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದಲ್ಲಿ ತಿಳಿದ ಸಂಗತಿಗಳೇ. ನಿಜವಾದ ಚಿಪ್ಪಾದರೂ, ಹೆಚ್ಚಿನ ಬೆಲೆಗಾಗಿ ಸ್ಥಳದ ಗುಟ್ಟನ್ನು ಮುಚ್ಚಿಟ್ಟರೆ ಅದರ ಅರ್ಧ ಅರ್ಥ ಅಳಿದಂತೆ.

ಬೇರೆ ಬೇರೆ ದೇಶಗಳು ಇದಕ್ಕೆ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಆಲ್ಬರ್ಟಾದಲ್ಲಿ ಪಳೆಯುಳಿಕೆಗಳು ಪ್ರಾಂತ್ಯದ ಸ್ವತ್ತು. ಅನುಮತಿಯಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಇಂಗ್ಲೆಂಡಿನ ಪಶ್ಚಿಮ ಡಾರ್ಸೆಟ್ ತೀರದಲ್ಲಿ ಸಂಗ್ರಹಿಸಲು ಅವಕಾಶವಿದೆ, ಆದರೆ ವೈಜ್ಞಾನಿಕ ಮಹತ್ತ್ವದ ಮಾದರಿಗಳನ್ನು ನೋಂದಾಯಿಸಬೇಕೆಂಬ ಸಂಹಿತೆಯಿದೆ. ಅದೇ ಡಾರ್ಸೆಟ್‌ನ ಕಿಮ್ಮರಿಜ್ ಎಂಬ ಹಳ್ಳಿಯಲ್ಲಿ ಕೊಳಾಯಿ ಕೆಲಸಗಾರರಾಗಿದ್ದ ಸ್ಟೀವ್ ಎಚಿಸ್ ದಶಕಗಳ ಕಾಲ ಒಂದೇ ಪ್ರದೇಶದ ಪದರಗಳಿಂದ ಸಂಗ್ರಹಿಸಿದ ಎರಡು ಸಾವಿರಕ್ಕೂ ಮಿಕ್ಕ ಮಾದರಿಗಳು ೨೦೧೬ರಲ್ಲಿ ಸಾರ್ವಜನಿಕ ವಸ್ತುಸಂಗ್ರಹಾಲಯವಾದವು. ಪದವಿಯಿಲ್ಲದ ಹವ್ಯಾಸಿಯೂ ದಾಖಲೆಯ ಶಿಸ್ತಿದ್ದರೆ ವಿಜ್ಞಾನಕ್ಕೆ ಸಹಾಯಕನಾಗಬಲ್ಲ ಎಂಬುದಕ್ಕೆ ಇದು ನಿದರ್ಶನ.

ಭಾರತದಲ್ಲಿ ಕೇಂದ್ರ ಗಣಿ ಸಚಿವಾಲಯವು ಭೂಪಾರಂಪರಿಕ ತಾಣಗಳ ಮತ್ತು ಅವಶೇಷಗಳ ಸಂರಕ್ಷಣೆಗಾಗಿ ಮಸೂದೆಯ ಕರಡೊಂದನ್ನು ೨೦೨೨ರಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಇಟ್ಟಿತು. ಪೆರಂಬಲೂರು ಜಿಲ್ಲೆಯ ಸಾತ್ತನೂರಿನಲ್ಲಿ ಸುಮಾರು ೧೮ ಮೀಟರ್ ಉದ್ದದ ಕಲ್ಲಾದ ಮರವನ್ನು ಬೇಲಿ ಹಾಕಿ ರಕ್ಷಿಸಲಾಗಿದೆ. ಅರಿಯಲೂರಿನ ಬಳಿಯ ವಾರಣವಾಸಿಯಲ್ಲಿ ಪಳೆಯುಳಿಕೆಗಳ ವಸ್ತುಸಂಗ್ರಹಾಲಯವೂ ಇದೆ. ಜನರಲ್ಲಿ ಕುತೂಹಲಕ್ಕೆ ಕೊರತೆಯಿಲ್ಲ. ೨೦೨೦ರಲ್ಲಿ ಪೆರಂಬಲೂರಿನ ಕುನ್ನಂ ಬಳಿ ಡೈನೊಸಾರಿನ ಮೊಟ್ಟೆಗಳು ಸಿಕ್ಕವೆಂಬ ವದಂತಿ ಹಬ್ಬಿತು. ಪರೀಕ್ಷಿಸಿದವರು ಅವು ಅಮೋನೈಟ್ ಸಂಬಂಧದ ಶಿಲಾಗಂಟುಗಳೆಂದರು. ಮೊಟ್ಟೆ ಎಂದಾಗ ಓಡಿಬಂದವರು ಅಮೋನೈಟ್ ಎಂದಾಗಲೂ ನಿಂತು ನೋಡುವಂತಾಗಬೇಕಾದರೆ, ಆ ಪದದ ಹಿಂದಿನ ಕಥೆ ಅವರ ನುಡಿಯಲ್ಲಿ ಅವರಿಗೆ ತಲುಪಬೇಕು.

ನಮ್ಮ ನೆಲ, ನಮ್ಮ ಪಾಲು

ಕನ್ನಡಿಗರು ನೆಲೆಸಿರುವ ಗಡಿನಾಡುಗಳ ಬಹುಭಾಗದ ಶಿಲೆಗಳಲ್ಲಿ ಅಮೋನೈಟ್ ದೊರೆಯದು. ಹೊಸೂರು, ತಾಳವಾಡಿ, ನೀಲಗಿರಿ, ರಾಯದುರ್ಗ, ಆದವಾನಿಗಳ ಬಂಡೆಗಳು ಈ ಜೀವಿಗಿಂತ ಎಷ್ಟೋ ಹಳೆಯವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಪ್ಪುನೆಲದ ಕೆಳಗಿರುವುದು ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್. ಆದರೆ ಈ ಬಸಾಲ್ಟಿಗೂ ಅಮೋನೈಟ್‌ಗೂ ಕಾಲದ ನಂಟಿದೆ. ದಖನ್ನಿನ ಆ ಮಹಾಸ್ಫೋಟಗಳು ನಡೆದುದು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಅಮೋನೈಟ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿಯೇ. ಮೆಕ್ಸಿಕೊದ ಚಿಕ್ಷುಲೂಬಿನಲ್ಲಿ ಕ್ಷುದ್ರಗ್ರಹವೊಂದು ಬಡಿದುದೂ ಆಗಲೇ. ಆ ವಿನಾಶದಲ್ಲಿ ಕ್ಷುದ್ರಗ್ರಹದ ಪಾಲೆಷ್ಟು, ದಖನ್ನಿನ ಲಾವಾದ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನದಲ್ಲಿ ದೀರ್ಘಕಾಲದಿಂದ ನಡೆದಿದೆ. ಅಮೋನೈಟ್‌ನ ಮರಿಗಳು ಅತಿ ಸಣ್ಣವಾಗಿದ್ದು ಕಡಲ ಮೇಲ್ಭಾಗದ ಆಹಾರವನ್ನು ಅವಲಂಬಿಸಿದ್ದವು, ನಾಟಿಲಸ್‌ನ ಮೊಟ್ಟೆ ದೊಡ್ಡದು, ಆದ್ದರಿಂದ ಒಂದು ಅಳಿದು ಮತ್ತೊಂದು ಉಳಿಯಿತು ಎಂಬುದು ಒಂದು ವಿವರಣೆ. ಸೊಲ್ಲಾಪುರದ ರೈತನು ಉಳುವ ಎರೆಮಣ್ಣು ಅರಿಯಲೂರಿನ ಚಿಪ್ಪುಗಳ ಕೊನೆಯ ಅಧ್ಯಾಯದ ಸಮಕಾಲೀನ ಶಿಲೆಯಿಂದ ಆದುದು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದರಲ್ಲಿ ಏನು ಪಾಲು ಎಂಬ ಪ್ರಶ್ನೆ ಸಹಜ. ಹಲ್ಮಿಡಿ ಶಾಸನವು ಇಂದು ಮೈಸೂರಿನಲ್ಲಿದ್ದರೂ ಅದರ ಹೆಸರಿನಲ್ಲಿ ಊರು ಉಳಿದಿದೆ. ಊರಿನ ಹೆಸರು ಕಳೆದಿದ್ದರೆ ಅದರಲ್ಲಿ ಬರುವ ವ್ಯಕ್ತಿಗಳನ್ನೂ ಸ್ಥಳಗಳನ್ನೂ ಗುರುತಿಸುವುದು ಇನ್ನಷ್ಟು ಕಠಿಣವಾಗುತ್ತಿತ್ತು. ಜಾನಪದ ಗೀತೆಯೊಂದನ್ನು ಬರೆದುಕೊಳ್ಳುವಾಗ ಹಾಡಿದವರ ಹೆಸರು, ಊರು, ದಿನ, ಸಂದರ್ಭಗಳನ್ನು ಬರೆಯದೆ ಬಿಟ್ಟರೆ ಅದು ಕ್ಷೇತ್ರಕಾರ್ಯವೆನಿಸದು. ಗಡಿಭಾಗದ ಕನ್ನಡದ ಒಂದು ವಿಶಿಷ್ಟ ಪದ ಯಾವ ಹಳ್ಳಿಯದೆಂದು ತಿಳಿಯದಿದ್ದರೆ ಅದರಿಂದ ನುಡಿಯ ಚರಿತ್ರೆಯನ್ನು ಕಟ್ಟಲಾಗದು. ಅಮೋನೈಟ್‌ಗೂ ಇದೇ ನ್ಯಾಯ.

ಎರಡನೆಯ ಪಾಲು ಪರಿಭಾಷೆಯದು. ಶಿವರಾಮ ಕಾರಂತರು ತಮ್ಮ ವಿಜ್ಞಾನ ಪ್ರಪಂಚದ ಸಂಪುಟಗಳಲ್ಲಿ ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳುವ ದಾರಿಯನ್ನು ತೋರಿದರು. ಹೊಲಿಗೆರೇಖೆ, ಶಿಲಾಗಂಟು, ಒಳಅಚ್ಚು ಮೊದಲಾದ ಪದಗಳು ಬಳಕೆಯಿಂದಲೇ ನೆಲೆಗೊಳ್ಳಬೇಕು. ತಮಿಳುನಾಡಿನ ಗಡಿಭಾಗದ ವಿದ್ಯಾರ್ಥಿಗಳಿಗೆ ಅರಿಯಲೂರು ದೂರವೇನಲ್ಲ. ಅಧ್ಯಯನ ಪ್ರವಾಸಕ್ಕೆ ಹೋದವರು ಗಣಿಯ ಅಂಚಿನಲ್ಲಿ ಅಥವಾ ಹೊಲದ ಬದುವಿನಲ್ಲಿ ಸುರುಳಿಯೊಂದನ್ನು ಕಂಡರೆ ಮಾಡಬೇಕಾದುದು ಇಷ್ಟು: ಎತ್ತದಿರುವುದು, ಚಿತ್ರ ತೆಗೆಯುವುದು, ಸ್ಥಳವನ್ನೂ ತೋರಿಸಿದವರ ಹೆಸರನ್ನೂ ಬರೆದುಕೊಳ್ಳುವುದು, ಸಮೀಪದ ವಸ್ತುಸಂಗ್ರಹಾಲಯಕ್ಕೋ ಭೂವಿಜ್ಞಾನ ವಿಭಾಗಕ್ಕೋ ತಿಳಿಸುವುದು. ಆ ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಊರಿನ ಹೆಸರನ್ನು ಮಾತ್ರ ಅಲ್ಲಿನವರು ಉಚ್ಚರಿಸುವಂತೆಯೇ ಬರೆಯಬೇಕು.